ಅವ್ವ ಉಜ್ಜಿದ ಕುದುರೆ ಪಡೆಯ ಕತ್ತಿ

ಹುಣಸೆಹಣ್ಣು ಕಬ್ಬಿಣಕ್ಕೆ ತಾಗಿದಾಗ ಒಂದು ವಾಸನೆ ಏಳುತ್ತದೆ. ಹಲ್ಲು ಜುಮ್ಮೆನ್ನುತ್ತದೆ, ಬಾಯಲ್ಲಿ ನೀರೂರುತ್ತದೆ. ಮೊನ್ನೆ ಮೊಮ್ಮಗಳು ಹಳೇ ಈಳಿಗೆಮಣೆ ತೊಳೆಯುವಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ರಾವಂದೂರಿನ ಹತ್ತಿರದ ನನ್ನ ತವರುಮನೆಯ ಜಗಲಿ ಹಾಗೇ ಕಣ್ಣ ಮುಂದೆ ಬಂದು ಕೂತಿತು. ಆಯುಧಪೂಜೆಯ ಹಿಂದಿನ ದಿನ ಅವ್ವ ಸೆರಗು ಸಿಕ್ಕಿಸಿಕೊಂಡು, ಮುತ್ತಾತನ ಕತ್ತಿಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜುತ್ತಿದ್ದಳು. ಮುತ್ತಾತ ಅರಸರ ಕುದುರೆ ಪಡೆಯಲ್ಲಿದ್ದನಂತೆ. ಕುದುರೆಯನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಕತ್ತಿ ಮಾತ್ರ ಇತ್ತು. ನಾನು ಪಕ್ಕದಲ್ಲಿ ಕೂತು ನೀರು ಚಿಮುಕಿಸಬೇಕು. "ಮೊಕ ಕಾಣಂಗೆ ಆಗ್ಬೇಕು ಕಣವ್ವ, ಇಲ್ದಿದ್ರೆ ಪೂಜೆ ಒಪ್ಪಾಕಿಲ್ಲ," ಅನ್ನುತ್ತಿದ್ದಳು. ಅವಳಿಗೂ ಮೊದಲು ಅವಳ ಅತ್ತೆ, ಆ ಅತ್ತೆಗೂ ಮೊದಲು ಅವರ ಅತ್ತೆ. ಮನೆಗೆ ಬಂದ ಸೊಸೆಯರ ಕೆಲಸ ಅದು. ಹೊಳೆಯುವ ಅಲಗಿನಲ್ಲಿ ಅವ್ವನ ಮುಖ ಉದ್ದಕ್ಕೆ ಎಳೆದ ಹಾಗೆ ಕಂಡು ನಾವಿಬ್ಬರೂ ನಗುತ್ತಿದ್ದೆವು.

ಅವ್ವ ಹೋದಳು, ಆ ಮನೆಯೂ ಹೋಯಿತು. ಹೋದ ವರ್ಷ ಅದನ್ನು ಕೆಡವುವಾಗ ಅಟ್ಟದಿಂದ ಕತ್ತಿ ಇಳಿಯಿತು. ನನ್ನ ಇಬ್ಬರು ಅಣ್ಣಂದಿರೂ ನಂಗೆ, ನಂಗೆ ಎಂದು ಕಿತ್ತಾಡಿದರು, ಪೂಜೆಗಲ್ಲ, ಮಾರುವುದಕ್ಕೆ. ನನಗೂ ಬೇಕಿತ್ತು. ಮದುವೆ ಮಾಡಿ ಕೊಟ್ಟ ಹೆಣ್ಣು, ಹೇಗೆ ಕೇಳಲಿ? ಮೈಸೂರಿನಿಂದ ಹಳೇ ಸಾಮಾನಿಗೆ ಬೆಲೆ ಕಟ್ಟುವವನನ್ನು ಕರೆಸಿದರು. ನಾನೂ ಮೊಮ್ಮಗಳೂ ಹೋಗಿದ್ದೆವು. ಆ ಮನುಷ್ಯ ಎಲೆಅಡಿಕೆ ಜಗಿಯುತ್ತಾ, ಹಿಡಿಯ ಮೇಲಿದ್ದ ಕುಂಕುಮವನ್ನು ಉಗುರಿನಿಂದ ಕೆರೆದು ಪ್ಯಾಂಟಿಗೆ ಒರೆಸಿಕೊಂಡ. "ಬಾಗಿದೆ ನೋಡಿ, ಒಂದೇ ಕಡೆ ಹರಿತ. ಕೈಗೆ ಏಟು ಬೀಳದ ಹಾಗೆ ಈ ಪಟ್ಟಿ. ಕುದುರೆ ಮೇಲಿಂದ ಬೀಸೋಕೇ ಮಾಡಿರೋದು, ಅನುಮಾನ ಇಲ್ಲ," ಎಂದ. ಅಣ್ಣಂದಿರ ಮುಖ ಅರಳಿತು. ಆಮೇಲೆ ಹಿಡಿಯ ಬುಡದಲ್ಲಿ ಅಲಗಿಗೆ ಕನ್ನಡಕ ತಾಗಿಸಿಕೊಂಡು ಹುಡುಕಿದ. ಮಾಡಿದವರ ಹೆಸರು, ಪಡೆಯ ಗುರುತು ಅಲ್ಲೇ ಕೊರೆದಿರುತ್ತದಂತೆ. "ಯಾರ್ರೀ ಇದನ್ನ ಉಜ್ಜಿದ್ದು? ಅಕ್ಷರ ಎಲ್ಲಾ ಸವೆದು ಹೋಗಿದೆ. ಇನ್ನಿದು ಗುಜರಿ ಲೆಕ್ಕ."

"ನಮ್ಮವ್ವನ ಕೆಲ್ಸ ಕಣ್ರೀ. ಓದು ಬರಾಕಿಲ್ಲ, ಬರ್ಯಾಕಿಲ್ಲ, ತಿಕ್ಕಿ ತಿಕ್ಕಿ ಆಳ್ ಮಾಡವ್ಳೆ," ಅಂದ ದೊಡ್ಡಣ್ಣ. "ಎಮ್ಮೆ ಮೈ ತಿಕ್ಕದಂಗೆ ತಿಕ್ಕೋಳು ಬುಡು," ಅಂತ ಚಿಕ್ಕಣ್ಣ ನಕ್ಕ. ಅವ್ವ ಅದೇ ಕೈಯಿಂದ ಮುರಿದು ಇಟ್ಟ ಮುದ್ದೆ ನುಂಗಿ ಬೆಳೆದ ಬಾಯಿಗಳು. ಥೂ ಅನ್ನಿಸಿತು. ಒಡಹುಟ್ಟಿದವರ ಪಕ್ಕ ಕೂರುವುದಕ್ಕೂ ಅಸಹ್ಯವಾಗಿ ಎದ್ದು ನಿಂತೆ.

"ಅಂಗಾರೆ ನಂಗೆ ಕೊಡಣ್ಣ."

"ಎತ್ಕಂಡೋಗು ತಾಯಿ, ಸೌದೆ ಸೀಳಾಕಾದ್ರೂ ಆಯ್ತದೆ."

ದೊಡ್ಡಣ್ಣ ಮಾತು ಮುಗಿಸುವುದರೊಳಗೆ ಮೊಮ್ಮಗಳು ಅದನ್ನು ಎತ್ತಿಕೊಂಡಾಗಿತ್ತು. ಎಂಥ ಹುಡುಗಿ ಅಂತೀರಿ. ನನ್ನ ಸೀರೆಯೊಂದರಲ್ಲಿ ಸುತ್ತಿ, ಬಸ್ಸಿನಲ್ಲಿ ನಮ್ಮಿಬ್ಬರ ತೊಡೆಯ ಮೇಲೂ ಮಲಗಿಸಿಕೊಂಡು ಬಂದೆವು. ಈ ವಯಸ್ಸಲ್ಲಿ ಕುಣಿಯಬೇಕು ಅನ್ನಿಸುವಷ್ಟು ಸಂತೋಷ ನನಗೆ, ಅಸಹ್ಯವೂ ಇಳಿದಿರಲಿಲ್ಲ. ಮನೆಗೆ ಬಂದು ಬಿಚ್ಚಿದಾಗ ಅವಳು ಹಿಡಿಯ ಬುಡದಲ್ಲಿ ಬೆರಳಾಡಿಸಿ ಕೇಳಿದಳು, "ಇಲ್ಲಿ ಏನ್ ಬರ್ದಿತ್ತಜ್ಜಿ?"

"ಯಾರ್ ಕಂಡವ್ರೆ ಮಗ. ಓದೋರು ಯಾರಿದ್ರು?"

ಅವಳು ಮಲಗಿದ ಮೇಲೆ ನಾನೂ ಆ ಜಾಗದ ಮೇಲೆ ಅಂಗೈ ಇಟ್ಟೆ. ಎಷ್ಟು ಜನ ಸೊಸೆಯರು ಸವೆಸಿದ್ದೋ, ನುಣ್ಣಗಿತ್ತು, ತಣ್ಣಗಿತ್ತು. ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಸವೆತ ಅವರೆಲ್ಲರದು, ಆ ಬಿಸಿ ಮಾತ್ರ ನನ್ನ ಕೈಯದು.