ನೊರೀನಳ ಬೂಟಿನ ಲೇಸು

ಗ್ಲೆಂಡಾಗೆ ಅರವತ್ತೇಳು. ಯಾರ್ಕ್‌ಷೈರಿನ ಆ ಗುಡ್ಡದೂರಿನಲ್ಲಿ ಮೂವತ್ತೊಂದು ವರ್ಷ ಮನೆಮನೆಗೆ ಅಂಚೆ ಹಂಚಿದವಳು. ನಾಯಿ ಕಚ್ಚಿದ ದಿನವೂ ಕಾಗದಗಳನ್ನೆಲ್ಲ ಮುಟ್ಟಿಸಿದ ಮೇಲೇ ಪಟ್ಟಿ ಕಟ್ಟಿಸಿಕೊಳ್ಳಲು ಹೋಗಿದ್ದಳು. ನಡಿಗೆಯ ವಿಷಯದಲ್ಲಿ ಯಾರ ಬುದ್ಧಿವಾದವೂ ಅವಳಿಗೆ ಬೇಕಿರಲಿಲ್ಲ. ಬೇರೆಯವರ ನಿಧಾನವಂತೂ ಕಂಡರಾಗದು.

ತಂಗಿ ಜೂಡಿತ್ ಕಳೆದ ಚಳಿಗಾಲದಲ್ಲಿ ತೀರಿಕೊಂಡದ್ದು ಊರಾಚೆಯ ಪುಟ್ಟ ಆಸ್ಪತ್ರೆಯಲ್ಲಿ. ಕೊನೆಗಾಲದ ರೋಗಿಗಳನ್ನು ಬಿಡಿಗಾಸೂ ತೆಗೆದುಕೊಳ್ಳದೆ ನೋಡಿಕೊಳ್ಳುವ ಜಾಗ ಅದು. ಅದಕ್ಕಾಗಿ ಪ್ರತಿ ಜೂನಿನಲ್ಲಿ ಊರವರು ಗುಡ್ಡ ಸುತ್ತಿ ನಡೆದು, ನಡೆದವರ ಹೆಸರಿನಲ್ಲಿ ದೇಣಿಗೆ ಕೂಡಿಸುತ್ತಾರೆ. ಉದ್ದದ ದಾರಿ ಇಪ್ಪತ್ತಾರು ಮೈಲಿ, ಗಿಡ್ಡದ್ದು ಹತ್ತು. "ಇಪ್ಪತ್ತಾರೂ ನಡೀತೀನಿ ಕಣೇ" ಎಂದು ಗ್ಲೆಂಡಾ ತಂಗಿಯ ಮಂಚದ ಪಕ್ಕ ನಿಂತು ಮಾತು ಕೊಟ್ಟುಬಿಟ್ಟಿದ್ದಳು. ಮಧ್ಯಾಹ್ನ ಎರಡರೊಳಗೆ ಗುಡ್ಡದ ಮೇಲಿನ ಕೆರೆ ಮುಟ್ಟದವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬರುತ್ತಾರೆ. ತಾನು ಆ ವ್ಯಾನು ಹತ್ತುವವಳಲ್ಲ ಎಂದು ಮೀನಂಗಡಿಯ ಸಾಲಿನಲ್ಲಿ ನಿಂತವರಿಗೆಲ್ಲ ಸಾರಿಯೂ ಆಗಿತ್ತು.

ಅಭ್ಯಾಸಕ್ಕೆ ಜೊತೆಯಾದವರು ಇಬ್ಬರು ಗೆಳತಿಯರು. ಎರಡು ಮನೆಯಾಚೆಯ ನೊರೀನ್, ಉಣ್ಣೆಯಂಗಡಿಯವಳು. ಶಾಲೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಹಿಲರಿ. ಎಂಟು ಭಾನುವಾರ ನಡೆದರು, ಎಂಟೂ ಭಾನುವಾರ ಮಳೆ. ಮಳೆಯನ್ನಾದರೂ ಗ್ಲೆಂಡಾ ಸಹಿಸಿಕೊಂಡಾಳು, ಈ ಇಬ್ಬರನ್ನು ಸಹಿಸುವುದು ಹೇಗೆ? ಏರು ಹತ್ತಿ ಹತ್ತು ನಿಮಿಷವಾಗುವಷ್ಟರಲ್ಲಿ ಹಿಂದಿನಿಂದ ನೊರೀನಳ ಕೂಗು ಬರುತ್ತಿತ್ತು.

"ನಿಲ್ಲೇ ಸ್ವಲ್ಪ! ಲೇಸು ಬಿಚ್ಚಿಹೋಯ್ತು!"

"ಮತ್ತೆ ಬಿಚ್ಚಿತಾ? ಆ ಲೇಸಿಗೆ ಅಂಟು ಹಾಕ್ಕೋ ಹೋಗು!"

ಅಷ್ಟರಲ್ಲಿ ಹಿಲರಿ ಫ್ಲಾಸ್ಕ್ ತೆಗೆಯುತ್ತಿದ್ದಳು. ಗ್ಲೆಂಡಾ ಬೆನ್ನು ತಿರುಗಿಸಿ, ಕಲ್ಲುಗೋಡೆ ಹಿಡಿದು ನಿಂತು, ಹಲ್ಲು ಕಚ್ಚಿ ಕಾಯುತ್ತಿದ್ದಳು. ಕೂರುತ್ತಿರಲಿಲ್ಲ, ಚಹಾ ಮುಟ್ಟುತ್ತಿರಲಿಲ್ಲ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಡೆಯೋಕಾಗಲ್ಲ ಅಂತ ಹೇಳೋಕೆ ಇವಳಿಗೆ ಲೇಸು ಬೇಕು" ಎಂದು ಗೋಡೆಯಾಚೆಯ ಕುರಿಗಳಿಗೆ ಕೇಳುವಂತೆ ಗೊಣಗುತ್ತಿದ್ದಳು.

ಎಂಟನೆಯ ಭಾನುವಾರ ಮೂವರೂ ತೊಪ್ಪೆಯಾಗಿ ಗ್ಲೆಂಡಾಳ ಅಡುಗೆಮನೆ ಸೇರಿದರು. ನೊರೀನ್ ತನ್ನ ಬೂಟುಗಳನ್ನು ಒಲೆಯ ಪಕ್ಕ ಒಣಗಲು ಬಿಟ್ಟು, ಗ್ಲೆಂಡಾಳ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದಳು. ಒದ್ದೆ ಬೂಟಿಗೆ ಹಳೆಯ ಪೇಪರು ತುರುಕಬೇಕಲ್ಲ? "ಇದೂ ನನ್ನ ತಲೆಗೇ ಬಂತು" ಎಂದು ಬೈದುಕೊಂಡೇ ಗ್ಲೆಂಡಾ ಒಂದನ್ನು ಎತ್ತಿಕೊಂಡಳು.

ಅದರಲ್ಲಿ ಲೇಸು ಇರಲಿಲ್ಲ. ಲೇಸು ಪೋಣಿಸುವ ತೂತೂ ಇರಲಿಲ್ಲ. ಚರ್ರನೆ ಎಳೆದು ಅಂಟಿಸುವ ಎರಡು ಪಟ್ಟಿಗಳಿದ್ದವು, ಅಷ್ಟೇ. ಇಷ್ಟು ದಿನ ಮಳೆಪ್ಯಾಂಟು ಅವನ್ನು ಮುಚ್ಚಿಕೊಂಡಿತ್ತು.

ಗ್ಲೆಂಡಾ ಬೂಟು ಹಿಡಿದುಕೊಂಡೇ ಕೂತಳು. ಆ ಕೂಗು ಬರುತ್ತಿದ್ದದ್ದು ಯಾವಾಗ? ಏರಿನ ನಡುವೆ, ತನ್ನ ಎದೆ ಸಿಳ್ಳೆ ಹೊಡೆಯತೊಡಗಿದಾಗ. ಪ್ರತಿ ಸಲವೂ ಆಗಲೇ. ಗೋಡೆ ಹಿಡಿದು ನಿಂತಿದ್ದವಳು ಯಾರು? ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು.

ಒಂಬತ್ತನೆಯ ಭಾನುವಾರವೂ ಮಳೆಯೇ. ಅದೇ ಏರಿನಲ್ಲಿ ನೊರೀನ್, "ಲೇಸು..." ಎಂದು ಬಗ್ಗಿದಳು.

"ಏಳೇ ಮೇಲೆ!" ಗ್ಲೆಂಡಾ ತಿರುಗಿ ನಿಂತಳು. "ಅಲ್ಲಿ ಕಟ್ಟೋಕೆ ಏನೂ ಇಲ್ಲ. ಪೇಪರು ತುರುಕಿದವಳು ನಾನು." ಅಷ್ಟು ಹೇಳುವಷ್ಟರಲ್ಲಿ ಎದೆ ಸಿಳ್ಳೆ ಹೊಡೆಯಿತು, ಗೋಡೆ ಹಿಡಿದುಕೊಂಡಳು. ಜನ್ಮದಲ್ಲಿ ಆಡದ ಮಾತನ್ನು ಆಮೇಲೆ ಆಡಿದಳು. "ಉಸಿರು ಸಿಗ್ತಿಲ್ಲ. ನಿಲ್ಲೋಣ."

"ಅಬ್ಬ, ಕೊನೆಗೂ ಬಾಯಿ ಬಿಟ್ಟೆಯಲ್ಲೇ ಮಾರಾಯ್ತಿ!" ನೊರೀನ್ ಸೊಂಟ ಹಿಡಿದು ನೆಟ್ಟಗಾದಳು. "ಎರಡು ತಿಂಗಳು ಬಗ್ಗಿ ಬಗ್ಗಿ ನನ್ನ ನಡು ಮುರಿದುಹೋಯ್ತು."

"ನೇರವಾಗಿ ಹೇಳೋಕೆ ಏನಾಗಿತ್ತು ನಿಮಗೆ?"

ಹಿಲರಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಮಂಜಿನ ಕಡೆ ನೋಡಿದಳು. "ಜೂಡಿತ್ ಹೇಳಬೇಡಿ ಅಂದಿದ್ಳು. 'ನನ್ನಕ್ಕಂಗೆ ನಿಲ್ಲೋದು ಗೊತ್ತಿಲ್ಲ, ನಿಲ್ಲಿ ಅಂದ್ರೆ ಇನ್ನೂ ಜೋರಾಗಿ ಓಡ್ತಾಳೆ. ಏನಾದ್ರೂ ನೆಪ ಮಾಡಿ ನಿಲ್ಲಿಸಿ' ಅಂತ. ಆಸ್ಪತ್ರೆಯಲ್ಲಿ, ನೀನು ಇಪ್ಪತ್ತಾರು ಅಂದು ಹೊರಗೆ ಹೋದಮೇಲೆ."

"ಸಾಯೋವಾಗಲಾದ್ರೂ ಬಾಯಿ ಮುಚ್ಕೊಂಡಿರಬಾರದಿತ್ತಾ ಅವಳು!" ಎಂದು ಗ್ಲೆಂಡಾ ಕೂಗಿದಳು. ಮುಖದ ತುಂಬ ಮಳೆಯಿದ್ದುದರಿಂದ ಕಣ್ಣು ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಆಮೇಲೆ ಒದ್ದೆ ಗೋಡೆಯ ಮೇಲೆ ಕೂತಳು. "ಹತ್ತು ಮೈಲಿಗೆ ಬರೆಸಿ ನನ್ನನ್ನ" ಎಂದು ಕೈ ಚಾಚಿದಳು. "ಆ ಚಹಾ ಕೊಡೇ ಇಲ್ಲಿ."