ಗೌರಾ ಕಟ್ಟಿದ ಹಾಡು

ನನಗೆ ಹಾಡು ಬರುತ್ತದೆ. ಹಾಡು ಕಟ್ಟಲು ಬರುವುದಿಲ್ಲ. ಎರಡಕ್ಕೂ ಎಷ್ಟು ಅಂತರ ಎಂದು ಕೇಳಿದರೆ, ರೊಟ್ಟಿ ತಿನ್ನುವವರಿಗೂ ಜೋಳ ಬೆಳೆಯುವವರಿಗೂ ಇರುವಷ್ಟು ಎನ್ನುತ್ತೇನೆ. ಪ್ರಯತ್ನ ಪಟ್ಟಿಲ್ಲವೆಂದಲ್ಲ. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಬೀಸುವ ಕಲ್ಲಿನ ಮುಂದೆ ಕೂತು, ‘ಹಿತ್ತಲದ ಬದನಿ ಗಿಡ ಹೂವ ಬಿಟ್ಟಾದ’ ಎಂದು ಶುರು ಮಾಡಿದೆ. ಎರಡನೆಯ ಸಾಲಿನಲ್ಲಿ ಆ ಹೂವು ಕಾಯಾಗಬೇಕಲ್ಲ, ಆಯಿತು. ಮೂರನೆಯ ಸಾಲಿನಲ್ಲಿ ಕಾಯಿ ಪಲ್ಯವಾಯಿತು. ಅಲ್ಲಿಗೆ ಹಾಡು ಮುಗಿದು ನನಗೆ ಹಸಿವೆಯಾಯಿತು.

ಇಷ್ಟಕ್ಕೂ ನಾನು ಅಕ್ಷರ ಬಲ್ಲವಳು. ನನ್ನ ತಂದೆ ಉಮರ್ಗಾದ ಹತ್ತಿರದ ಒಂದು ಹಳ್ಳಿಯ ಮಠದಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದ ಐಗಳು. ಮರಳ ಮೇಲೆ ಬೆರಳಾಡಿಸಿ ನಾನೂ ಕಲಿತೆ. ತೌರಿನಿಂದ ನಿಲಂಗಾ ಕಡೆಯ ಈ ಊರಿಗೆ ಸೊಸೆಯಾಗಿ ಬರುವಾಗ ನನ್ನ ಬಾಯಲ್ಲಿ ಎಷ್ಟು ಪದಗಳಿದ್ದವೆಂದರೆ, ಒಂದು ಹಾಡು ಇನ್ನೊಂದರ ಕಾಲು ತುಳಿಯುತ್ತಿತ್ತು. ಆದರೆ ಅವೆಲ್ಲ ಯಾರೋ ಕಟ್ಟಿದವು. ಯಾರು? ಕಟ್ಟುವ ಮುಂಚೆ ಆ ಮಾತು ಎಲ್ಲಿತ್ತು? ನನ್ನ ಜೀವಮಾನದಲ್ಲಿ ಒಂದು ಹಾಡು ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಕರು ಹುಟ್ಟುವುದನ್ನು ಕಂಡಷ್ಟು ಹತ್ತಿರದಿಂದ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ನಮ್ಮ ಸೀಮೆಯ ಬಾಯಿಯೇ ವಿಚಿತ್ರವಾದದ್ದು. ನಿಜಾಮರ ಸರಕಾರಕ್ಕೆ ಅರ್ಜಿ ಬರೆಯುವುದು ಉರ್ದುವಿನಲ್ಲಿ, ಸಂತೆಯಲ್ಲಿ ಚೌಕಾಸಿ ಮರಾಠಿಯಲ್ಲಿ, ಅಡಿಗೆಮನೆಯಲ್ಲಿ ಜಗಳ ಕನ್ನಡದಲ್ಲಿ. ಗಂಡಸರು ಹೊಸ್ತಿಲು ದಾಟುವಾಗ ತಲೆಯ ಪಟಗ ಸರಿಮಾಡಿಕೊಂಡಂತೆ ನಾಲಿಗೆಯನ್ನೂ ಸರಿಮಾಡಿಕೊಳ್ಳುತ್ತಿದ್ದರು. ಹೆಂಗಸರಾದ ನಮಗೆ ಹೊಸ್ತಿಲು ದಾಟುವ ಪ್ರಸಂಗವೇ ಕಡಿಮೆ. ಯಾವ ಮನೆಗೆ ಬಂದೆವೋ ಆ ಮನೆಯ ಮಾತೇ ನಮ್ಮ ಮಾತು. ನಮ್ಮ ಅತ್ತೆಯಂತೂ ಭಾಲ್ಕಿ ಕಡೆಯವರು. ಸಂತೆಗೆ ಸಾಕಾಗುವಷ್ಟು ಮರಾಠಿ ಅವರಿಗೆ ಬರುತ್ತಿತ್ತು. ಆದರೆ ಚಪ್ಪಲಿಯಂತೆ ಅದನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು.

ಇಂಥ ಮನೆಗೆ ನನ್ನ ಮೈದುನನ ಹೆಂಡತಿಯಾಗಿ ಬಂದವಳು ಗೌರಾ. ಲೋಹಾರಾದ ಕಡೆಯ ಹುಡುಗಿ. ನಮ್ಮಂತೆಯೇ ಲಿಂಗ ಕಟ್ಟಿದ ಒಕ್ಕಲುತನದ ಮನೆಯವಳು, ಕೊರಳಲ್ಲಿ ನಮ್ಮದೇ ದೇವರು, ಬಾಯಲ್ಲಿ ಮಾತ್ರ ಬರೀ ಮರಾಠಿ. ಬಂದ ಹೊಸತರಲ್ಲಿ, ಸೋಮವಾರದ ಪೂಜೆಯ ಹೊತ್ತಿಗೆ ಅತ್ತೆ ಅವಳಿಗೆ ಕಾಯಿ ತಾ ಎಂದರು. ಮರಾಠಿಯಲ್ಲಿ ‘ಕಾಯ್’ ಎಂದರೆ ‘ಏನು’ ಎಂದು. ಗೌರಾ ವಿನಯದಿಂದ, “ಕಾಯ್?” ಎಂದಳು. ಅತ್ತೆ, ಹೂಂ, ಕಾಯಿ ಎಂದರು. ಅವಳು ಮತ್ತೆ, “ಕಾಯ್?” ಎಂದಳು. ಅತ್ತೆಯ ದನಿ ಏರಿತು, ಅವಳ ದನಿ ಇಳಿಯಿತು, ದೇವರು ತೆಂಗಿನಕಾಯಿ ಇಲ್ಲದೆ ಕಾಯುತ್ತ ಕೂತ. ಪೂಜೆಗೆ ಬಂದ ಹೆಂಗಸರೆಲ್ಲ ಸೆರಗು ಬಾಯಿಗೊತ್ತಿ ನಕ್ಕರು. ಸಂಜೆಯೊಳಗೆ ಓಣಿ ನಕ್ಕಿತು. ಮರುದಿನ ಬಾವಿಕಟ್ಟೆಯ ಮೇಲೆ ಅವಳನ್ನು ಕಂಡವರೆಲ್ಲ “ಕಾಯ್?” ಎನ್ನತೊಡಗಿದರು.

ಅಂದಿನಿಂದ ಗೌರಾ ಮಾತು ಬಿಟ್ಟಳು. ಸಿಟ್ಟಿನಿಂದ ಬಿಟ್ಟದ್ದಲ್ಲ; ಕೆಲಸದಲ್ಲಿ ಕೊರತೆಯಿಲ್ಲ, ಮುಖದಲ್ಲಿ ಬಿಗುವಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವಳು, ಅಷ್ಟೆ. ತಿಂಗಳುಗಳು ಕಳೆದವು. ಬೆಳಗಿನ ಜಾವ ಬೀಸಲು ಕೂತಾಗ ಅವಳು ಕಲ್ಲಿನ ಗೂಟದ ಆ ಕಡೆ, ನಾನು ಈ ಕಡೆ. ನಾನು ಹಾಡುತ್ತಿದ್ದೆ, ಅವಳು ತಿರುಗಿಸುತ್ತಿದ್ದಳು. ಹಿಟ್ಟು ಹಾರಿ ಅವಳ ರೆಪ್ಪೆಗಳ ಮೇಲೆ ಕೂತಿರುತ್ತಿತ್ತು. ಅದರ ಹಿಂದಿನ ಕಣ್ಣುಗಳು ನನ್ನ ತುಟಿಯನ್ನೇ ನೋಡುತ್ತಿದ್ದವು. ನನ್ನ ಕಂಠದ ಇಂಪಿಗೆ ಮರುಳಾಗಿದ್ದಾಳೆ ಎಂದು ನಾನು ತಿಳಿದುಕೊಂಡಿದ್ದೆ. ಮನುಷ್ಯರಿಗೆ ತಮ್ಮ ಬಗ್ಗೆ ಇಂಥ ಒಂದೆರಡು ಭ್ರಮೆಗಳಿರದಿದ್ದರೆ ಬೆಳಗಿನ ಜಾವ ಏಳುವುದು ಕಷ್ಟ.

ಅತ್ತೆಗೆ ಮಾತ್ರ ಅನುಮಾನ ಬಲಿಯಿತು. ಲೋಹಾರಾದವರು ಏನೋ ಬಚ್ಚಿಟ್ಟು ಹೆಣ್ಣು ಕೊಟ್ಟಿದ್ದಾರೆ, ಇವಳಿಗೆ ಗಾಳಿ ಸೋಂಕಿರಬೇಕು, ಇಲ್ಲವೆ ತಲೆ ಕೆಟ್ಟಿರಬೇಕು ಎಂದರು. ನನ್ನ ಮೈದುನ ಅವ್ವನೆದುರು ತುಟಿ ಬಿಚ್ಚುವವನಲ್ಲ. ಸುಗ್ಗಿಯ ರಾಶಿ ಮುಗಿದ ಮೇಲೆ ಗಾಡಿ ಕಟ್ಟಿ ಅವಳನ್ನು ತೌರಿಗೆ ಬಿಟ್ಟು ಬರುವುದು, ಬೇರೆ ಹೆಣ್ಣು ನೋಡುವುದು ಎಂದು ಮನೆಯಲ್ಲಿ ನಿಶ್ಚಯವಾಯಿತು. ಅವಳ ಎದುರಿಗೇ ಈ ಮಾತು ಆಡುತ್ತಿದ್ದರು, ಅವಳಿಗೆ ತಿಳಿಯುವುದಿಲ್ಲವೆಂದು.

ಗಾಡಿ ಕಟ್ಟುವ ಮೊದಲೇ ಊರಿಗೆ ಪ್ಲೇಗು ಬಂತು. ನಮ್ಮೂರವರು ಗಂಟಿನ ಬ್ಯಾನಿ ಎನ್ನುತ್ತಿದ್ದರು. ಮೊದಲು ಇಲಿಗಳು ಸತ್ತವು, ಆಮೇಲೆ ಮನುಷ್ಯರು. ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿತು. ತೊಟ್ಟಿಲು, ಕೊಡ, ಮುದುಕರು, ಮೇಕೆ ಎಲ್ಲ ಒಂದೇ ಗಾಡಿಯಲ್ಲಿ. ಬೇರೆಯವರ ಕಲ್ಲಿನಲ್ಲಿ ಬೀಸಿದ್ದನ್ನು ಬಾಯಿಗಿಡುವುದಿಲ್ಲವೆಂದು ಅತ್ತೆ ಹಟ ಹಿಡಿದದ್ದರಿಂದ, ಎತ್ತುಗಳು ಉಸ್ಸೆಂದರೂ ಬಿಡದೆ ನಮ್ಮ ಬೀಸುವ ಕಲ್ಲನ್ನೂ ಹೇರಿಕೊಂಡು ಬಂದೆವು. ಭಾರವೆಂದು ತಮ್ಮ ಕಲ್ಲು ಬಿಟ್ಟು ಬಂದವರಿಗೆಲ್ಲ ಅದೊಂದೇ ಗತಿಯಾಯಿತು. ಊರಲ್ಲಿ ಬೇರೆ ಬೇರೆ ಓಣಿಗಳಲ್ಲಿದ್ದ ಹೆಂಗಸರು ನಮ್ಮ ಗುಡಿಸಲ ಮುಂದೆ ಜೋಳದ ಮೊರ ಹಿಡಿದು ಸರದಿ ನಿಂತರು.

ಅವರಲ್ಲಿ ಮಾಳವ್ವನೂ ಒಬ್ಬಳು. ಕುರಿ ಕಾಯುವ ಮನೆಯವಳು, ಬೀರಪ್ಪ ದೇವರ ಒಕ್ಕಲು. ಗಟ್ಟಿ ಹೆಂಗಸು, ಅವಳು ನಕ್ಕರೆ ಹಟ್ಟಿಯ ನಾಯಿಗಳು ಬೊಗಳುತ್ತಿದ್ದವು. ಊರು ಬಿಡುವ ಮುಂಚಿನ ವಾರ ಅವಳ ಒಬ್ಬಳೇ ಮಗಳು ಬ್ಯಾನಿಯಿಂದ ತೀರಿಕೊಂಡಿದ್ದಳು. ಮದುವೆ ಗೊತ್ತು ಮಾಡಬೇಕೆಂದಿದ್ದ ವಯಸ್ಸಿನ ಹುಡುಗಿ. ಆ ಮನೆಯೊಳಗೆ ಮತ್ತೆ ಕಾಲಿಡಲಾರದೆ ಮಾಳವ್ವ ಕಲ್ಲನ್ನೂ ಅಲ್ಲೇ ಬಿಟ್ಟು ಬಂದಿದ್ದಳು. ಆಮೇಲೆ ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ, ಮಾತಾಡಿದ್ದನ್ನು ಕೇಳಲಿಲ್ಲ.

ಅವಳು ಮೊರ ಹಿಡಿದು ಬಂದಾಗ ಅತ್ತೆ ಸ್ವಲ್ಪ ಹೊತ್ತು ಯೋಚಿಸಿದರು. ಕಲ್ಲಿಗೆ ಜಾತಿ ಇಲ್ಲ, ಹಿಟ್ಟಿಗೆ ಇದೆ ಎಂದು ಒಂದು ಶಾಸ್ತ್ರವನ್ನು ಅಲ್ಲೇ ರಚಿಸಿ, ನಮ್ಮ ಹಿಟ್ಟು ಬಳಿದುಕೊಂಡ ಮೇಲೆ ಅವಳು ಬೀಸಲಿ ಎಂದು ತೀರ್ಪು ಕೊಟ್ಟರು. ದೊಡ್ಡ ಕಲ್ಲು, ಒಬ್ಬರಿಂದ ತಿರುಗುವುದಲ್ಲ. ಎದುರಿಗೆ ಯಾರು ಕೂಡಬೇಕು? “ಗೌರಾನೇ ಕೂಡ್ಲಿ,” ಎಂದರು ಅತ್ತೆ. “ಇಬ್ಬರಿಗೂ ಮಾತಿಲ್ಲ. ಛಲೋ ಜೋಡಿ.”

ಕೋಳಿ ಕೂಗಿ ಸ್ವಲ್ಪ ಹೊತ್ತಾಗಿತ್ತು. ಮೂಡಲು ಬೆಳ್ಳಗಾಗುತ್ತಿತ್ತು. ನಾನು ನಮ್ಮ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಸರದಿಯ ಹೆಂಗಸರು ಚಳಿಗೆ ಮುದುಡಿ ಕೂತಿದ್ದರು. ಕಲ್ಲು ಮಾತ್ರ ಗರಗರ ತಿರುಗುತ್ತಿತ್ತು. ಹಾಡಿಲ್ಲದ ಬೀಸುವ ಕಲ್ಲಿನ ಸದ್ದನ್ನು ನೀವು ಕೇಳಿದ್ದೀರಾ? ಮನೆಯೊಳಗೆ ಯಾರೋ ಹಲ್ಲು ಕಡಿದಂತಿರುತ್ತದೆ. ಯಾರಾದರೂ ಹಾಡಬಾರದೇ ಎನ್ನಿಸಿತು. ಆದರೆ ಏನು ಹಾಡುವುದು? ನನ್ನ ಗಂಟಿನಲ್ಲಿ ತೌರಿನ ಪದವಿತ್ತು, ಅಣ್ಣ ಕೊಟ್ಟ ಸೀರೆಯ ಪದವಿತ್ತು, ಬಳೆಗಾರನ ಪದವಿತ್ತು. ಮಗಳನ್ನು ಮಣ್ಣು ಮಾಡಿ ಬಂದವಳ ಎದುರು ಹಾಡುವ ಪದ ಒಂದೂ ಇರಲಿಲ್ಲ.

ಆಗ ಗೌರಾ ಹಾಡಿದಳು. ಮೊದಲು ಯಾರೆಂದು ತಿಳಿಯಲಿಲ್ಲ, ನಾವು ಆ ದನಿಯನ್ನೇ ಮರೆತಿದ್ದೆವು. ಕಲ್ಲು ನಿಲ್ಲಿಸದೆ, ತಲೆ ಎತ್ತದೆ, ಮೊದಲ ಸಾಲನ್ನು ತನ್ನ ಮಾತಿನಲ್ಲಿ, ಉಳಿದದ್ದನ್ನು ನಮ್ಮ ಮಾತಿನಲ್ಲಿ ಹಾಡಿದಳು:

ಲೇಕ್ ಗೇಲೀ ಮಾಯೇ, ಜಾತಂ ರಿಕಾಮಂ ಫಿರತಂ
ಮ್ಯಾಲಿನ ಕಲ್ಲು ಮಗಳವ್ವ – ತೆಳಗಿನ
ಕಲ್ಲಾಗಿ ತಾಯಿ ಕುಂತಾಳ

ಮಗಳು ಹೋದಳು ತಾಯೇ, ಬೀಸುವ ಕಲ್ಲು ಬರಿದೇ ತಿರುಗುತ್ತಿದೆ ಎಂದು ಮೊದಲ ಸಾಲಿನ ಅರ್ಥ. ಉಳಿದದ್ದಕ್ಕೆ ಅರ್ಥ ಹೇಳಬೇಕಾಗಿಲ್ಲ.

ನನ್ನ ಕೈಯ ಜರಡಿ ನಿಂತಿತು. ಹುಟ್ಟಿದಾಗಿನಿಂದ ನಾನು ಬೀಸುವ ಕಲ್ಲು ನೋಡಿದವಳು. ಮೇಲಿನದು ತಿರುಗುತ್ತದೆ, ಕೆಳಗಿನದು ಕೂತಿರುತ್ತದೆ, ಇದು ಯಾರಿಗೆ ಗೊತ್ತಿಲ್ಲ? ಆದರೆ ಅಲ್ಲಿ ಒಬ್ಬ ಮಗಳೂ ಒಬ್ಬ ತಾಯಿಯೂ ಇದ್ದದ್ದನ್ನು ಅಷ್ಟು ವರ್ಷ ಯಾರೂ ಕಂಡಿರಲಿಲ್ಲ. ಮೈಮೇಲೆ ಮುಳ್ಳು ಎದ್ದವು. ಗರ್ಭಗುಡಿಯ ಮುಂದೆ ನಿಂತಾಗಲೂ ನನಗೆ ಹಾಗಾಗಿಲ್ಲ, ಶಿವ ಕ್ಷಮಿಸಲಿ.

ಮಾಳವ್ವನ ಕೈ ಗೂಟದ ಮೇಲೆಯೇ ಇತ್ತು. ಕಲ್ಲು ಇನ್ನೊಂದು ಸುತ್ತು ಬಂತು. “ಮತ್ತೊಮ್ಮೆ ಅನ್ನು,” ಎಂದಳು. ಗೌರಾ ಮತ್ತೊಮ್ಮೆ ಹಾಡಿದಳು. ಮೂರನೆಯ ಸಾಲಿಗೆ ಮಾಳವ್ವ ತಾನೂ ದನಿ ಕೂಡಿಸಲು ಹೋದಳು. ದನಿ ಒಡೆಯಿತು, ಅಳು ಬಂತು. ಹಣೆಯನ್ನು ಕಲ್ಲಿಗೆ ಹಚ್ಚಿ ಅತ್ತಳು. ಗೌರಾ ಎದ್ದು ಹೋಗಿ ಅವಳ ಬೆನ್ನಿಗೆ ಬೆನ್ನು ಕೊಟ್ಟು ಕೂತುಕೊಂಡಳು. ಯಾಕೆ ಹಾಗೆ ಕೂತಳೋ ತಿಳಿಯದು. ಅಳುವವರ ಮುಖ ನೋಡಬಾರದು, ಆದರೆ ಅವರನ್ನು ಒಂಟಿ ಬಿಡಲೂಬಾರದು ಎಂದು ಅವಳಿಗೆ ಯಾರು ಕಲಿಸಿದ್ದರೋ.

ಅತ್ತೆ ಗುಡಿಸಲೊಳಗೆ ಎಚ್ಚರವಾಗಿಯೇ ಮಲಗಿದ್ದರು. ಅಂದು ಇಡೀ ದಿನ ಒಂದು ಮಾತೂ ಆಡಲಿಲ್ಲ. ಮನೆಯಲ್ಲಿ ಮೌನ ಒಬ್ಬರಿಂದ ಒಬ್ಬರಿಗೆ ಅಂಟುವ ಬ್ಯಾನಿಯೋ ಏನೋ ಎಂದುಕೊಂಡೆ. ಮರುದಿನ ಬೆಳಗಿನ ಜಾವ ನಾನು ಕಲ್ಲಿನ ಹತ್ತಿರ ಬಂದರೆ ನನ್ನ ಜಾಗದಲ್ಲಿ ಅತ್ತೆ ಕೂತಿದ್ದಾರೆ! ಸೊಸೆಯರು ಬಂದ ಮೇಲೆ ಅವರು ಗೂಟ ಮುಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಎದುರಿಗೆ ಗೌರಾ, ಹೆದರಿ ಅರ್ಧವಾಗಿದ್ದಳು. ಅತ್ತೆ ಒಂದು ಹಿಡಿ ಜೋಳ ಹಾಕಿ ಗಂಭೀರವಾಗಿ ಹೇಳಿದರು: “ನನ್ನ ಮ್ಯಾಲ ಒಂದು ಕಟ್ಟು. ಖರೇನೇ ಕಟ್ಟಬೇಕು. ಮುಖಸ್ತುತಿ ಬ್ಯಾಡ.”

ಸರದಿಗೆ ಬಂದಿದ್ದ ಮಾಳವ್ವನೂ ಉಳಿದ ಹೆಂಗಸರೂ ಹತ್ತಿರ ಸರಿದರು. ಕಲ್ಲು ಕೆಲವು ಸುತ್ತು ಬರಿದೇ ತಿರುಗಿತು. ಆಮೇಲೆ ಸಣ್ಣ ದನಿಯಲ್ಲಿ ಬಂತು:

ಅತ್ತಿ ಬೈದದ್ದೆಲ್ಲ ತೂರಿದ ಹೊಟ್ಟವ್ವ
ಗಾಳಿಗಿ ಹಾರಿ ಹೋಗ್ಯಾದ – ಮನಿಯಾಗ
ಕಾಳು ಒಂದೇ ಉಳದಾದ

ಅತ್ತೆ ಮುಖ ಗಂಟು ಹಾಕಿಕೊಂಡೇ ಇದ್ದರು. “ಹೊಟ್ಟೂ ದನಕ್ಕ ಬೇಕಾಗ್ತದ,” ಎಂದರು ಕಡೆಗೆ, “ಅದನ್ನೂ ಹಾಡಿನಾಗ ಸೇರಿಸು.” ಮೊದಲು ನಕ್ಕವಳು ಮಾಳವ್ವ, ಅವಳ ಹಳೆಯ ನಗುವೇನಲ್ಲ, ಅದರ ಮರಿ. ಲೋಹಾರಾಕ್ಕೆ ಗಾಡಿ ಕಟ್ಟುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ. ಬ್ಯಾನಿ ಇಳಿದು ನಾವು ಊರು ಸೇರಿದ ಮೇಲೆ ಅತ್ತೆ ಬಂದವರಿಗೆಲ್ಲ, ನಮ್ಮ ಸಣ್ಣ ಸೊಸಿ ಹಾಡು ಕಟ್ಟತಾಳ ಎಂದು ತಾವೇ ಕಲಿಸಿದವರಂತೆ ಹೇಳಿಕೊಳ್ಳತೊಡಗಿದರು.

ಇಷ್ಟು ಕನ್ನಡ ಯಾವಾಗ ಕಲಿತೆ ಎಂದು ನಾನು ಅವಳನ್ನು ಕೇಳಿದ್ದುಂಟು. “ನಿಮ್ಮ ಹಾಡು ಕೇಳಿ ಕೇಳಿ ಕಲತೀನ್ರಿ ಅಕ್ಕಾ,” ಎಂದಳು. “ಮಾತಿನಾಗ ತಪ್ಪಿದ್ರ ನಗ್ತಾರ. ಹಾಡಿನಾಗ ತಪ್ಪಿದ್ರ ಹೊಸಾ ಧಾಟಿ ಅಂತಾರ.” ನನ್ನ ಕಂಠದ ಇಂಪಿನ ವಿಷಯ ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹಾಡು ಹೇಗೆ ಬರುತ್ತದೆ ಎಂದಷ್ಟೇ ಕೇಳಿದೆ. ಎದುರಿಗೆ ಕೂತವರಿಗೆ ಏನು ಬೇಕಾಗಿದೆ ಎಂದು ನೋಡುತ್ತೇನೆ, ಅಷ್ಟೆ ಎಂದಳು. ನಾನು ಎದುರಿಗೆ ಬದನೆ ಗಿಡ ಇಟ್ಟುಕೊಂಡದ್ದೇ ತಪ್ಪಾಯಿತೋ ಏನೋ.

ಮುಂದೆ ಎಷ್ಟೋ ವರ್ಷಗಳ ಮೇಲೆ, ಒಂದು ಮದುವೆಗೆಂದು ನಾನು ಉದಗೀರಕ್ಕೆ ಹೋಗಿದ್ದೆ. ಬೀಗರ ಮನೆಯಲ್ಲಿ ಬೆಳಗಾಗುವ ಹೊತ್ತಿಗೆ ಬೀಸುವ ಸದ್ದು ಕೇಳಿ ಎದ್ದೆ. ಗುರುತಿಲ್ಲದ ಹೆಂಗಸರಿಬ್ಬರು ಹಾಡುತ್ತಿದ್ದರು: ಲೇಕ್ ಗೇಲೀ ಮಾಯೇ. ಅದೇ ಕಲ್ಲು, ಅದೇ ಮಗಳು, ಅದೇ ತಾಯಿ. ನಾನು ಸಡಗರದಿಂದ ಹೋಗಿ, ಇದು ನನ್ನ ನೆಗೆಣ್ಣಿ ಕಟ್ಟಿದ್ದು ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಇದು ತಮ್ಮ ಅಜ್ಜಿಯ ಕಾಲದ್ದು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಹಾಡುವ ಪದ, ತಮ್ಮ ಮನೆತನದಲ್ಲಿ ಮೊದಲಿನಿಂದಲೂ ಇದೆ ಎಂದರು. ಎಷ್ಟು ಹೇಳಿದರೂ ನಂಬಲಿಲ್ಲ. ಅಷ್ಟರಲ್ಲಿ ಬೀಗಿತ್ತಿ ಚಹಾ ತಂದುಕೊಟ್ಟು ನನ್ನ ಬಾಯಿ ಮುಚ್ಚಿಸಿದಳು.

ಊರಿಗೆ ಬಂದು ಗೌರಾಳಿಗೆ ಸಿಟ್ಟಿನಿಂದಲೇ ಇದನ್ನು ಹೇಳಿದೆ. ನಿನ್ನ ಹೆಸರೂ ಇಲ್ಲ, ಹಾಡಿನ ಅರ್ಥವೂ ಉಳಿದಿಲ್ಲ ಎಂದೆ. ಅವಳ ಮುಖ ಬೆಳಗಿತು. “ಅಕ್ಕಾ, ಅಲ್ಲಿ ಆ ಹುಡುಗಿ ಸತ್ತಿಲ್ಲ,” ಎಂದಳು. “ಗಂಡನ ಮನಿಗಿ ಹೋಗ್ಯಾಳ. ಏಳ್ರಿ, ಮಾಳವ್ವಗ ಹೇಳಮು.”

ಇಬ್ಬರೂ ಹೋದೆವು. ಮಾಳವ್ವ ಮುದುಕಿಯಾಗಿದ್ದಳು, ಹಟ್ಟಿಯ ಮುಂದೆ ಕೂತು ತಾಯಿ ಸತ್ತ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಕುರಿಮರಿಯ ಬಾಯಿ ಒರೆಸಿದಳು. ನಮ್ಮ ಕಡೆ ನೋಡದೆ ಕೇಳಿದಳು:

“ಯಾವ ಊರಿಗಿ ಕೊಟ್ಟಾರಂದ್ರಿ?”

“ಉದಗೀರಕ್ಕ,” ಎಂದಳು ಗೌರಾ.

ಮಾಳವ್ವ ಮನಸ್ಸಿನಲ್ಲೇ ಹಾದಿ ಅಳೆಯುತ್ತಿರುವಂತೆ ಸ್ವಲ್ಪ ಹೊತ್ತು ಮೂಡಲ ಕಡೆ ನೋಡಿದಳು. “ದೂರೇನಿಲ್ಲ ಬಿಡು,” ಎಂದಳು.