ಚೈನೋ, ರೋಪೋ ಎಂದು ಕೇಳಿಕೊಂಡು ಜಗಳೂರಿನವರೆಗೆ

ಚನ್ನಗಿರಿಯಲ್ಲಿ ಬೆಳಗಿನ ಹೊನ್ನಾಳಿ ಬಸ್ಸು ಹತ್ತಿದಾಗ ನಮ್ಮ ಹತ್ತಿರ ಎರಡು ಚೀಲ ಇದ್ದವು. ನನ್ನದರಲ್ಲಿ ಟವೆಲ್ಲು, ಚಾರ್ಜರು. ಗೆಳೆಯ ರುದ್ರಣ್ಣನದರಲ್ಲಿ ಹರಿದ ವೈರ್ ರೋಪಿನ ಒಂದು ತುಂಡು. ಅದನ್ನು ಅವನು ಕೆಳಗಿಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದ.

ನೇರವಾಗಿ ಹೇಳಿಬಿಡುತ್ತೇನೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ರುದ್ರಣ್ಣನ ತಮ್ಮ ಮಂಜಣ್ಣ ನಾಲೆ ಏರಿಯ ಮೇಲೆ ಟ್ರ್ಯಾಕ್ಟರ್ ತಿರುಗಿಸುವಾಗ ಅದು ಮಗುಚಿತು. ಅವನು ಅಡಿಯಲ್ಲಿ ಸಿಕ್ಕಿಕೊಂಡ. ಜೀವ ಇತ್ತು, ಮಾತಾಡುತ್ತಿದ್ದ. ಇಂಥದ್ದಕ್ಕೇ ಅಂತ ಊರಿನ ಒಂದು ಕೈ ವಿಂಚು ಇವರ ಮನೆಯಲ್ಲಿ ಇರುತ್ತಿತ್ತು. ಹಿಡಿ ತಿರುಗಿಸಿದರೆ ಉಕ್ಕಿನ ಹಗ್ಗ ಡ್ರಮ್ಮಿಗೆ ಸುತ್ತಿಕೊಂಡು ಭಾರ ಎಳೆಯುತ್ತದೆ. ಅದನ್ನು ದೂರದ ಹುಣಸೆ ಮರಕ್ಕೆ ಬಿಗಿದು ಎಳೆದರು. ಟ್ರ್ಯಾಕ್ಟರ್ ಅರ್ಧ ಮೇಲೆದ್ದಾಗ ರೋಪು ಹರಿಯಿತು. ಮಂಜಣ್ಣನ ಮೇಲೆ ಅದು ಎರಡನೇ ಸಲ ಬಿತ್ತು.

ಊರವರು ಹೊಸ ವಿಂಚು ತರೋಣ ಎಂದರು, ಆರಿಸುವ ಕೆಲಸ ರುದ್ರಣ್ಣನಿಗೇ ಬಿಟ್ಟರು. ನಾವು ಹೊರಡುವಾಗ ಮಂಜಣ್ಣನ ಹೆಂಡತಿ ನಾಗವೇಣಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಭಾವ, ರೋಪಿಂದು ಮಾತ್ರ ಈ ಮನಿಗೆ ತರಬ್ಯಾಡ್ರಿ." ರುದ್ರಣ್ಣನೂ ಹಗ್ಗದ ಬದಲು ಚೈನಿನಿಂದ ಎಳೆಯುವ ವಿಂಚೇ ಎಂದು ಗಟ್ಟಿ ಮಾಡಿಕೊಂಡಿದ್ದ.

ಬಸ್ಸಿನಲ್ಲಿ ಟಿಕೆಟ್ ತೆಗೆದವರು ನಾವಿಬ್ಬರು ಮತ್ತು ಇನ್ನು ನಾಲ್ಕೈದು ಗಂಡಸರು. ಉಳಿದವರೆಲ್ಲ ಹೆಂಗಸರು, ಉಚಿತ. "ಗಂಡಸ್ರು ಇರೋದೇ ದುಡ್ಡು ಕೊಡಾಕೆ ಬಿಡ್ರಿ," ಎಂದು ಕಂಡಕ್ಟರ್ ನಕ್ಕ. ರುದ್ರಣ್ಣ ನಗಲಿಲ್ಲ.

ಹೊನ್ನಾಳಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡೂ ನಮೂನೆ ಇದ್ದವು. ಮಾಲೀಕ ಕೈ ಮುಗಿದು, "ನಾ ಮಾರೋನು ಅಣ್ಣ, ಎಳೆಯೋನಲ್ಲ. ದಿನಾ ಎಳೆಯೋರ್ನ ಕೇಳಿ ತಗೋರಿ," ಎಂದ. ವ್ಯಾಪಾರ ಬಿಟ್ಟು ಹೀಗೆ ಹೇಳುವವರು ಕಡಿಮೆ. ನ್ಯಾಮತಿಯಲ್ಲಿ ಲಾರಿ ಗ್ಯಾರೇಜಿನ ಬಷೀರ್ ಸಾಹೇಬರು, ಜಗಳೂರಿನಲ್ಲಿ ಬೋರ್‌ವೆಲ್ ಮೋಟರ್ ಎತ್ತುವ ತಿಪ್ಪೇಸ್ವಾಮಿ ಎಂದು ಎರಡು ಹೆಸರನ್ನೂ ಅವನೇ ಕೊಟ್ಟ. ಹೊಳೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಂಡಕ್ಕಿ, ಮೆಣಸಿನಕಾಯಿ ತಿಂದು ನ್ಯಾಮತಿ ಬಸ್ಸು ಹತ್ತಿದೆವು. ಅರ್ಧ ಗಂಟೆಯ ದಾರಿ.

ಬಷೀರ್ ಸಾಹೇಬರು ತೊಲೆಗೆ ನೇತುಹಾಕಿದ್ದ ಚೈನಿನ ವಿಂಚನ್ನು ಲಾರಿಯ ಮೂತಿಗೆ ಸಿಕ್ಕಿಸಿ ಹಿಡಿ ಆಡಿಸಿ ತೋರಿಸಿದರು. ಟಕ್ ಟಕ್ ಎಂದು ಲಾರಿ ಬೆರಳಿನಷ್ಟು ಬೆರಳಿನಷ್ಟೇ ಮೇಲೆದ್ದಿತು. ಅಷ್ಟೇ ನಿಧಾನವಾಗಿ ಇಳಿಯಿತು.

"ಕೆಸರಾಗೆ ಹಾಕ್ರಿ, ಕಲ್ಲಿಗೆ ಉಜ್ಜಲಿ, ತಡೀತೈತೆ. ಆದ್ರೆ ಅಣ್ಣಾ, ಉದ್ದ ಕಮ್ಮಿ. ಒಂದೆರಡು ಆಳುದ್ದ ಎಳದ್ರೆ ಮುಗೀತು. ಕಟ್ಟಾಕೆ ಗಟ್ಟಿ ಜಾಗ ಪಕ್ಕದಾಗೇ ಇರ್ಬೇಕು."

"ಹರಿಯಲ್ಲ ತಾನೆ?" ರುದ್ರಣ್ಣ ಕೇಳಿದ.

"ನೋಡ್ಕೊಳ್ದಿದ್ರೆ ಯಾವುದು ಹರಿಯಲ್ಲ ಹೇಳ್ರಿ."

ರುದ್ರಣ್ಣನ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಚೈನಿನ ಕೊಂಡಿಗಳನ್ನು ಒಂದೊಂದಾಗಿ ಸವರುತ್ತ ನಿಂತಿದ್ದ. "ಮುಗೀತು ಕಣಲೇ, ಇದೇ ತಗೊಳ್ಳಾಣ. ಜಗಳೂರು ಯಾಕೆ?" ಎಂದ. ಬಂದದ್ದು ಬಂದಿದ್ದೇವೆ, ಅದನ್ನೂ ನೋಡಿಬಿಡೋಣ ಎಂದವನು ನಾನು.

ರಾತ್ರಿ ದಾವಣಗೆರೆಯಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಉಳಿದು, ಬೆಳಗ್ಗೆ ಬೆಣ್ಣೆ ದೋಸೆ ತಿಂದು ಜಗಳೂರು ಬಸ್ಸು ಹಿಡಿದೆವು. ದಾವಣಗೆರೆ ದಾಟಿ ಸ್ವಲ್ಪ ಹೊತ್ತಿಗೆ ಹಸಿರು ತೆಳುವಾಯಿತು. ಮೆಕ್ಕೆಜೋಳದ ಕೂಳೆ, ಅದರಲ್ಲಿ ಮೇಯುವ ಕುರಿ, ಕಣ್ಣು ಕುಕ್ಕುವ ಬಿಸಿಲು. ತಿಪ್ಪೇಸ್ವಾಮಿ ಸೊಕ್ಕೆ ರಸ್ತೆಯ ಒಂದು ಹೊಲದಲ್ಲಿ ಮೋಟರ್ ಎತ್ತಿಸುತ್ತಿದ್ದಾರೆ ಎಂದು ಗೊತ್ತಾಗಿ ಆಟೋದಲ್ಲಿ ಅಲ್ಲಿಗೇ ಹೋದೆವು. ಐವತ್ತರ ಆಸುಪಾಸಿನ ಮನುಷ್ಯ. ಬಾಯಿ ತುಂಬ ಎಲೆ ಅಡಿಕೆ.

"ಚನ್ನಗಿರಿಯೋರಾ? ಮತ್ತೆ ಬರಿಗೈಲಿ ಬಂದೀರಲ್ರಿ, ಒಂದು ಹಿಡಿ ಅಡಿಕೆ ತರಬಾರ್ದಾ?" ಎಂದು ಶುರು ಮಾಡಿದರು. ನಾನು ಊರಿನ ನಾಲೆ ಏರಿಯಲ್ಲಿ ಟ್ರ್ಯಾಕ್ಟರ್ ಬಿದ್ದದ್ದನ್ನು, ಮರಕ್ಕೆ ಬಿಗಿದ ರೋಪು ಹರಿದು ಒಬ್ಬ ಸತ್ತದ್ದನ್ನು ಹೇಳಿದೆ. ಸತ್ತವನು ಯಾರೆಂದು ಹೇಳಲಿಲ್ಲ. ರುದ್ರಣ್ಣ ಚೀಲದಿಂದ ತುಂಡು ತೆಗೆದುಕೊಟ್ಟ. ಅದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು.

ತಿಪ್ಪೇಸ್ವಾಮಿ ಎಲೆ ಉಗಿದು ಬಂದು ಅದನ್ನು ಬಿಸಿಲಿಗೆ ಹಿಡಿದರು. ಸ್ಕ್ರೂ ಡ್ರೈವರ್‌ನಿಂದ ಎಳೆ ಬಿಡಿಸಿದರು. ಒಳಗಿನಿಂದ ಚಹಾಪುಡಿಯಂಥ ತುಕ್ಕು ಅಂಗೈಗೆ ಉದುರಿತು.

"ಯಾರ್ರೀ ಇದಕ್ಕೆ ಬಣ್ಣ ಹೊಡ್ದಿದ್ದು?"

ಅವರು ಅಂಗೈಯ ತುಕ್ಕನ್ನು ನಮ್ಮ ಮುಂದೆ ಹಿಡಿದರು.

"ರೋಪಿಗೆ ಎಣ್ಣೆ ಕುಡಿಸ್ಬೇಕು. ಬಣ್ಣ ಹೊಡದ್ರೆ ಎಣ್ಣೆ ಒಳಗೆ ಹೋಗಲ್ಲ, ಎಳೆ ಕಡ್ದಿದ್ದೂ ಕಾಣಲ್ಲ. ಯಾವ ಪುಣ್ಯಾತ್ಮ ಹೊಡ್ದನೋ, ಆ ಮನುಷ್ಯನ ಜೀವ ತೆಗ್ದ."

"ನಾನೇ," ಎಂದ ರುದ್ರಣ್ಣ. "ವರ್ಷಾ ವರ್ಷಾ ಆಯುಧ ಪೂಜೆಗೆ ತೊಳ್ದು, ಬಣ್ಣ ಹೊಡ್ದು, ಕುಂಕುಮ ಇಟ್ಟು ಪೂಜೆ ಮಾಡ್ತಿದ್ದೆ. ಸತ್ತೋನು ನನ್ನ ತಮ್ಮ."

ತಿಪ್ಪೇಸ್ವಾಮಿ ತುಂಡನ್ನು ಕೆಳಗಿಟ್ಟರು. ಅವರ ಕೆಲಸದ ಹುಡುಗರು ಮೋಟರ್ ಎತ್ತುವುದನ್ನು ನಿಲ್ಲಿಸಿದರು. ನನಗೆ ಸಮಾಧಾನ ಹೇಳುವ ಚಪಲ. "ಚೈನ್ ಇದ್ದಿದ್ರೆ ಉಳೀತಿದ್ನೇನೋ ಅಲ್ವಾ?" ಎಂದುಬಿಟ್ಟೆ.

ಅವರು ಮರ ಎಷ್ಟು ದೂರ ಇತ್ತು ಎಂದು ಕೇಳಿದರು. ನಾನು ಹೊಲದ ಬದುವಿನಲ್ಲಿದ್ದ ಬೇವಿನ ಮರ ತೋರಿಸಿ ಅಷ್ಟು ಎಂದೆ. ಅವರು ತಲೆ ಅಲ್ಲಾಡಿಸಿದರು. "ಅಲ್ಲೀ ತನ ಚೈನ್ ಮುಟ್ಟಲ್ಲ ಸ್ವಾಮಿ. ನಾಲೆ ಏರಿ ಅಂದ್ರೆ ರೋಪೇ ಬೇಕು." ಆಮೇಲೆ ರುದ್ರಣ್ಣನ ಪಕ್ಕ ಕೂತು ದನಿ ತಗ್ಗಿಸಿ, "ಗೊತ್ತಿಲ್ದೆ ಆಡ್ಬಿಟ್ಟೆ ಗೌಡ್ರೇ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಊಟ ಮಾಡ್ಕೊಂಡು ಹೋಗ್ರಿ," ಎಂದರು. ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ರುದ್ರಣ್ಣ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದ.

ಎದ್ದಾಗ ಅವನು ಕೇಳಿದ್ದು ಒಂದೇ. ರೋಪನ್ನು ನೋಡಿಕೊಳ್ಳುವುದು ಹೇಗೆ? ತಿಪ್ಪೇಸ್ವಾಮಿ ಬಟ್ಟೆಯ ಚೂರು ತೆಗೆದುಕೊಂಡು ತಮ್ಮ ರೋಪಿನ ಉದ್ದಕ್ಕೂ ಎಳೆದು ತೋರಿಸಿದರು. ಕಡಿದ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಆ ರೋಪು ಜೀವ ಉಳಿಸುವ ಕೆಲಸಕ್ಕಿಲ್ಲ. ಎಳೆಯುವಾಗ ಯಾರೂ ರೋಪಿನ ನೇರಕ್ಕೆ ನಿಲ್ಲಬಾರದು, ಹರಿದರೆ ಚಾಟಿಯ ಹಾಗೆ ಬಡಿಯುತ್ತದೆ.

ದಾವಣಗೆರೆಯಲ್ಲಿ ರುದ್ರಣ್ಣ ರೋಪಿನ ವಿಂಚೇ ಕೊಂಡ. ನಾಗವೇಣಿಗೆ ಏನು ಹೇಳುತ್ತೀ ಎಂದು ಕೇಳಿದೆ. ಚನ್ನಗಿರಿಯಲ್ಲಿ ಇಳಿದ ಮೇಲೆ ಅವನು ಬಸ್ ಸ್ಟ್ಯಾಂಡಿನಲ್ಲಿ, "ನಡಿ, ಹೇಳ್ತೀನಿ," ಎಂದ.

ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ನಾಗವೇಣಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಗೋಣಿಯೊಳಗಿನ ಡ್ರಮ್ಮು ನೋಡಿ ಅವಳ ಕೈ ನಿಂತಿತು.

"ಮತ್ತೆ ರೋಪಾ, ಭಾವ?"

"ತಪ್ಪು ರೋಪಿಂದಲ್ಲವ್ವ. ಬಣ್ಣ ಹೊಡ್ದು ಕೊಳೆಸಿದ್ದು ನಾನು. ಒಳಗೆ ತುಕ್ಕು ಹಿಡಿದಿತ್ತು." ನಿಂತಲ್ಲೇ ಎಲ್ಲ ಹೇಳಿದ, ಒಂದನ್ನೂ ಬಿಡಲಿಲ್ಲ.

ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ಹನಿ ನಿಂತ ಮೇಲೂ. ಕೊನೆಗೆ, "ಆ ಬಣ್ಣದ ಡಬ್ಬಿ ಪ್ಯಾಟಿಯಿಂದ ತಂದುಕೊಟ್ಟಿದ್ದು ನಮ್ಮನಿಯವ್ರೇ ಅಲ್ವಾ ಭಾವ," ಎಂದಳು. "ಮಿಂಚ್ತೈತೆ ನೋಡು ಅಂತ ನನ್ನ ಕರೆದು ತೋರ್ಸಿದ್ರು."

ರುದ್ರಣ್ಣ ಜಗಲಿಯ ಮೇಲೆ ಕುಸಿದು ಕೂತ. ತಮ್ಮ ಸತ್ತಾಗ ಅಳದಿದ್ದವನು ಅವತ್ತು ಅತ್ತ. ನಾಗವೇಣಿ ಅವನ ಹತ್ತಿರ ಹೋಗಲಿಲ್ಲ, ಒಳಕ್ಕೂ ಹೋಗಲಿಲ್ಲ. ನಾನು ಚಪ್ಪಲಿ ಮೆಟ್ಟಿ ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ವಿಂಚನ್ನು ಗೋಣಿಯ ಸಮೇತ ಎಳೆಯುತ್ತ ಮನೆಯೊಳಗೆ ತೆಗೆದುಕೊಂಡು ಹೋಗುತ್ತಿದ್ದಳು.